ಕಳಿಸದೇ ಉಳಿದ ಎಕ್ಸ್‌ರೇಗಳು: ನಾಯಿಯ ಸೊಂಟಕ್ಕೆ ಸರ್ಟಿಫಿಕೇಟ್ ಸಿಗುವುದು ಹೇಗೆ?

ಲ್ಯಾಬ್ರಡಾರ್ ಮರಿ ಬೇಕು ಅಂತ ಹುಡುಕುತ್ತಾ ಬೆಂಗಳೂರಿನ ಹೊರವಲಯದಲ್ಲಿದ್ದ ಒಬ್ಬ ಬ್ರೀಡರ್ ಮನೆಗೆ ಹೋಗಿದ್ದೆ. ಮರಿಗಳು ಮುದ್ದಾಗಿದ್ದವು. ಲ್ಯಾಬ್ ಮರಿ ಮುದ್ದಾಗಿರದೆ ಇನ್ನೇನು! "ಅಪ್ಪ ಅಮ್ಮ ಎರಡೂ ಹಿಪ್ ಸರ್ಟಿಫೈಡ್ ಮೇಡಂ" ಎಂದರು. ತೋರಿಸಿ ಎಂದೆ. ಮೊಬೈಲ್ ತೆಗೆದು ಒಂದು ಎಕ್ಸ್‌ರೇ ಫೋಟೋ ಹಿಡಿದರು. ಕಪ್ಪು ಹಿನ್ನೆಲೆಯಲ್ಲಿ ಒಂದು ಸೊಂಟ, ಎರಡು ತೊಡೆಮೂಳೆ. ನಾಯಿಯ ಹೆಸರಿಲ್ಲ, ತಾರೀಖಿಲ್ಲ, ಮೈಕ್ರೋಚಿಪ್ ನಂಬರಿಲ್ಲ.

"ಇದು ಯಾವ ನಾಯಿದು?"

"ಅಪ್ಪಂದು ಮೇಡಂ."

"ಗ್ರೇಡ್ ಕೊಟ್ಟವರು ಯಾರು?"

"ನಮ್ಮ ಡಾಕ್ಟ್ರೇ ನೋಡಿ ಫಸ್ಟ್ ಕ್ಲಾಸ್ ಅಂದ್ರು."

ಅವರು ಸುಳ್ಳು ಹೇಳಿದರು ಅಂತ ನನಗನ್ನಿಸಲಿಲ್ಲ. ಎಕ್ಸ್‌ರೇ ತೆಗೆಸಿದರೆ ಸರ್ಟಿಫಿಕೇಟ್ ಆಯಿತು ಅಂತಲೇ ಅವರು ನಂಬಿದ್ದರು. ಹಾಗೆ ನಂಬಿದವರು ಬಹಳ ಜನ ಇದ್ದಾರೆ, ಕೊಳ್ಳುವವರಲ್ಲೂ ಮಾರುವವರಲ್ಲೂ. ಮನೆಗೆ ಬಂದು ಈ ಸರ್ಟಿಫಿಕೇಟ್ ಎಂಬುದು ನಿಜವಾಗಿ ಏನು ಅಂತ ಓದುತ್ತಾ ಹೋದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಸರ್ಟಿಫಿಕೇಟ್ ಸಿಕ್ಕ ಎಕ್ಸ್‌ರೇಗಿಂತ, ಕಳಿಸದೇ ಕಪಾಟಿನಲ್ಲಿ ಉಳಿದ ಎಕ್ಸ್‌ರೇ ಜಾಸ್ತಿ ಹೇಳುತ್ತದೆ.

ಮೊದಲು ಕೀಲಿನ ವಿಷಯ. ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ಸೊಂಟದ ಕೀಲು. ತೊಡೆಮೂಳೆಯ ತುದಿಯಲ್ಲಿ ಗುಂಡು, ಸೊಂಟದ ಮೂಳೆಯಲ್ಲಿ ಗುಳಿ. ಗುಂಡು ಗುಳಿಯೊಳಗೆ ಆಳವಾಗಿ, ಬಿಗಿಯಾಗಿ ಕೂತಿರಬೇಕು. ಕೆಲವು ಮರಿಗಳಲ್ಲಿ ಇವೆರಡನ್ನೂ ಹಿಡಿದಿಡುವ ನಾರುಗಳು ಸಡಿಲ. ಹುಟ್ಟಿದಾಗ ನೋಡಿದರೆ ಕೀಲು ಚೆನ್ನಾಗಿಯೇ ಇರುತ್ತದೆ. ಮರಿ ಓಡಾಡಲು ಶುರು ಮಾಡಿ ಮೈತೂಕ ಏರಿದ ಹಾಗೆ ಗುಂಡು ಅಂಚಿನ ಕಡೆಗೆ ಜಾರುತ್ತದೆ. ಅಂಚು ಸವೆಯುತ್ತದೆ. ಬಟ್ಟಲಿನ ಹಾಗೆ ಆಳವಾಗಬೇಕಿದ್ದ ಗುಳಿ ತಟ್ಟೆಯ ಹಾಗೆ ಚಪ್ಪಟೆಯಾಗಿ ಬೆಳೆಯುತ್ತದೆ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಮುಂದೆ ಅಲ್ಲಿ ಸಂಧಿವಾತ ಕೂರುತ್ತದೆ. ಮೆಟ್ಟಿಲು ಹತ್ತಲು ಹಿಂಜರಿಯುವ ನಾಯಿ, ಮೊಲದ ಹಾಗೆ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಓಡುವ ಮರಿ, ಮಲಗಿ ಏಳುವಾಗ ತಡವರಿಸುವ ಐದು ವರ್ಷದ ಜರ್ಮನ್ ಶೆಫರ್ಡ್: ಇವುಗಳನ್ನು ನೀವೂ ನೋಡಿರುತ್ತೀರಿ.

ಕೆಲವು ನಾಯಿಗಳು ಮಾತ್ರ ಕುಂಟುವುದೇ ಇಲ್ಲ. ಕೀಲು ಕೆಟ್ಟಿದ್ದರೂ ವರ್ಷಗಟ್ಟಲೆ ಚೆಂಡಿನ ಹಿಂದೆ ಓಡುತ್ತವೆ, ಬೆದೆಗೆ ಬರುತ್ತವೆ, ಮರಿ ಹಾಕುತ್ತವೆ. ಹಾಗಾಗಿ ನಡಿಗೆ ನೋಡಿ, ಮೈದಡವಿ, "ಆರೋಗ್ಯವಾಗಿದೆ" ಅಂತ ಬರೆದುಕೊಟ್ಟ ಚೀಟಿ ಸೊಂಟದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಬಾಸ್ಟನ್ನಿನ ಪಶುವೈದ್ಯ ಗೆರ್ರಿ ಶ್ನೆಲ್ 1935ರಲ್ಲಿ ನಾಯಿಗಳಲ್ಲಿ ಈ ತೊಂದರೆಯನ್ನು ವಿವರಿಸಿದಾಗ ಅದೊಂದು ಅಪರೂಪದ ಕಾಯಿಲೆ ಅಂತಲೇ ಅಂದುಕೊಂಡಿದ್ದರು. ಎಕ್ಸ್‌ರೇ ತೆಗೆಯುವುದು ಹೆಚ್ಚಿದ ಮೇಲೆ ಅದು ಎಲ್ಲೆಲ್ಲೂ ಇದೆ ಅಂತ ಗೊತ್ತಾಯಿತು.

ಈಗ ಸರ್ಟಿಫಿಕೇಟ್. ನಮ್ಮಲ್ಲಿ ಜನ ಹೆಚ್ಚಾಗಿ ಕೇಳಿರುವ ಹೆಸರು ಅಮೆರಿಕದ ಓಎಫ್‌ಎ, ಅಂದರೆ ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಆ್ಯನಿಮಲ್ಸ್. ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿದೆ. ಇದನ್ನು 1966ರಲ್ಲಿ ಶುರು ಮಾಡಿದವರು ಜಾನ್ ಓಲಿನ್. ಬಂದೂಕು, ಮದ್ದುಗುಂಡಿನ ದೊಡ್ಡ ಉದ್ಯಮಿ, ಜೊತೆಗೆ ಲ್ಯಾಬ್ರಡಾರ್ ಹುಚ್ಚು. ಬೇಟೆಗೆ ಸಾಕಿದ ನಾಯಿಗಳು ಸೊಂಟ ಹಿಡಿದು ಕೂತರೆ ಅಂಥವರಿಗೆ ಸಂಕಟ ಆಗುವುದು ಸಹಜವೇ.

ಅಲ್ಲಿನ ಕ್ರಮ ಹೀಗಿದೆ. ನಾಯಿಗೆ 24 ತಿಂಗಳು ತುಂಬಿರಬೇಕು. ಅದನ್ನು ಅಂಗಾತ ಮಲಗಿಸುತ್ತಾರೆ. ಹಿಂಗಾಲು ಎರಡನ್ನೂ ನೇರವಾಗಿ ಹಿಂದಕ್ಕೆ ಎಳೆದು, ಒಂದಕ್ಕೊಂದು ಸಮಾನಾಂತರವಾಗಿ ಇಟ್ಟು, ಮಂಡಿಚಿಪ್ಪು ಮಧ್ಯಕ್ಕೆ ಬರುವ ಹಾಗೆ ಸ್ವಲ್ಪ ಒಳಕ್ಕೆ ತಿರುಗಿಸುತ್ತಾರೆ. ಸೊಂಟ ಆ ಕಡೆ ಈ ಕಡೆ ವಾಲಿರಬಾರದು. ಒಂಚೂರು ವಾಲಿದರೂ ಒಂದು ಬದಿಯ ಗುಳಿ ಇರುವುದಕ್ಕಿಂತ ಆಳವಾಗಿ, ಇನ್ನೊಂದು ಇರುವುದಕ್ಕಿಂತ ಚಪ್ಪಟೆಯಾಗಿ ಕಾಣುತ್ತದೆ. ಹಾಗಾಗಿ ನೋಡಿದವರು ಮೊದಲು ಗಮನಿಸುವುದು ಸೊಂಟದ ಮೂಳೆಯ ಎರಡು ತೂತುಗಳು ಒಂದೇ ಗಾತ್ರದಲ್ಲಿ ಕಾಣುತ್ತಿವೆಯಾ ಅಂತ. ಎಚ್ಚರವಿರುವ ನಾಯಿ ಇದಕ್ಕೆಲ್ಲ ಸುಮ್ನೆ ಮಲಗುವುದಿಲ್ಲ. ಓಎಫ್‌ಎ ಮಂಪರು ಬರಿಸುವ ಔಷಧಿ ಕಡ್ಡಾಯ ಮಾಡಿಲ್ಲ, ಆದರೆ ಕೊಡುವುದೇ ಒಳ್ಳೆಯದು ಎನ್ನುತ್ತದೆ. ಹೆಣ್ಣು ನಾಯಿ ಬೆದೆಯಲ್ಲಿರುವಾಗ, ಅದರ ಆಸುಪಾಸಿನ ಕೆಲವು ವಾರಗಳಲ್ಲಿ, ಮರಿ ಹಾಲು ಬಿಟ್ಟ ಹೊಸದರಲ್ಲಿ ಎಕ್ಸ್‌ರೇ ಬೇಡ ಎಂದೂ ಹೇಳುತ್ತದೆ. ಆಗ ಹಾರ್ಮೋನ್‌ಗಳಿಂದ ಕೀಲು ಸಡಿಲವಾಗಿ ಕಾಣಬಹುದು.

ಚಿತ್ರದ ಮೇಲೆಯೇ ನಾಯಿಯ ಗುರುತು, ತಾರೀಖು, ಎಡ ಬಲದ ಗುರುತು ಮೂಡಿರಬೇಕು. ಆಮೇಲೆ ಬರೆದದ್ದಲ್ಲ, ಎಕ್ಸ್‌ರೇ ತೆಗೆಯುವಾಗಲೇ ಬಿದ್ದದ್ದು. ಇದನ್ನು ಮೂವರು ರೇಡಿಯಾಲಜಿಸ್ಟ್‌ಗಳು ಬೇರೆಬೇರೆಯಾಗಿ ನೋಡುತ್ತಾರೆ. ಒಬ್ಬರು ಕೊಟ್ಟ ಗ್ರೇಡ್ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಅದೇ ತಳಿಯ, ಅದೇ ವಯಸ್ಸಿನ ನಾಯಿಗಳಿಗೆ ಹೋಲಿಸಿ ಏಳು ಗ್ರೇಡ್‌ಗಳಲ್ಲಿ ಒಂದನ್ನು ಕೊಡುತ್ತಾರೆ. ಎಕ್ಸಲೆಂಟ್, ಗುಡ್, ಫೇರ್ ಮೂರೂ ಪಾಸು. ಬಾರ್ಡರ್‌ಲೈನ್ ಅಂದರೆ ಆರು ತಿಂಗಳು ಬಿಟ್ಟು ಮತ್ತೆ ಬನ್ನಿ. ಮೈಲ್ಡ್, ಮಾಡರೇಟ್, ಸಿವಿಯರ್ ಮೂರೂ ಫೇಲು. ಇಬ್ಬರು ಒಂದೇ ಮಾತು ಹೇಳಿದರೆ ಅದೇ ಗ್ರೇಡ್. ಮೂವರೂ ಬೇರೆಬೇರೆ ಹೇಳಿದರೆ ನಡುವಿನದ್ದು. ನಾಲ್ಕು ತಿಂಗಳಿಂದಲೇ ಪ್ರಿಲಿಮಿನರಿ ಅಂತ ಒಂದು ಪರೀಕ್ಷೆ ಮಾಡಿಸಬಹುದು, ಆದರೆ ಅದು ಕೊನೆಯ ಸರ್ಟಿಫಿಕೇಟ್ ಅಲ್ಲ. ಮಾರುವವರು ಈ ವ್ಯತ್ಯಾಸ ಹೇಳಲು ಮರೆಯುವುದುಂಟು.

ಪಾಸಾದ ನಾಯಿಗೆ ಒಂದು ನಂಬರ್ ಬರುತ್ತದೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಉದಾಹರಣೆಗೆ ನಂಬರ್ ಹೀಗಿದೆ ಅಂತ ಇಟ್ಟುಕೊಳ್ಳಿ: ಎಲ್‌ಆರ್-12345ಜಿ26ಎಫ್-ವಿಪಿಐ. ಎಲ್‌ಆರ್ ಅಂದರೆ ಲ್ಯಾಬ್ರಡಾರ್ ರಿಟ್ರೀವರ್. ಮುಂದಿನದು ಸರಣಿ ಸಂಖ್ಯೆ. ಜಿ ಅಂದರೆ ಗುಡ್. 26 ಅಂದರೆ ಎಕ್ಸ್‌ರೇ ದಿನ ನಾಯಿಗೆ 26 ತಿಂಗಳು. ಎಫ್ ಅಂದರೆ ಹೆಣ್ಣು. ಕೊನೆಯ ವಿಪಿಐ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಾಯಿಗೆ ಮೈಕ್ರೋಚಿಪ್ ಅಥವಾ ಹಚ್ಚೆ ಇದೆ, ಎಕ್ಸ್‌ರೇ ತೆಗೆದ ಡಾಕ್ಟರು ಅದನ್ನು ಸ್ಕ್ಯಾನ್ ಮಾಡಿ ಇದೇ ನಾಯಿ ಅಂತ ಖಾತ್ರಿ ಮಾಡಿಕೊಂಡಿದ್ದಾರೆ ಅಂತ ಅರ್ಥ. ಅದು ಇಲ್ಲದಿದ್ದರೆ ಮಲಗಿದ್ದು ಯಾವ ನಾಯಿ ಅಂತ ಯಾರು ಹೇಳಬೇಕು? ಎಲ್ಲ ಕಪ್ಪು ಲ್ಯಾಬ್‌ಗಳ ಸೊಂಟವೂ ಎಕ್ಸ್‌ರೇಯಲ್ಲಿ ಬೆಳ್ಳಗೇ ಕಾಣುತ್ತದೆ. ಈ ನಂಬರನ್ನು ಓಎಫ್‌ಎ ಜಾಲತಾಣದಲ್ಲಿ ಹಾಕಿದರೆ ನಾಯಿಯ ವಿವರ ಬರುತ್ತದೆ, ದುಡ್ಡೇನೂ ಕೊಡಬೇಕಿಲ್ಲ. ಫೋಟೋ ಕೇಳುವ ಬದಲು ನಂಬರ್ ಕೇಳಿ ಅಂತ ನಾನು ಹೇಳುವುದು ಇದಕ್ಕೇ.

ಬೇರೆ ದೇಶಗಳ ಲೆಕ್ಕ ಬೇರೆ. ಯುರೋಪಿನ ಬಹುಪಾಲು ದೇಶಗಳು ಎಫ್‌ಸಿಐ, ಅಂದರೆ ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿಯಲ್ಲಿ ಎ ಯಿಂದ ಇ ವರೆಗೆ ಅಕ್ಷರ ಕೊಡುತ್ತವೆ. ಎ ಚೆನ್ನಾಗಿದೆ, ಇ ತೀರಾ ಕೆಟ್ಟಿದೆ. ಜರ್ಮನಿಯ ಶೆಫರ್ಡ್ ಸಂಘ ಎಸ್‌ವಿ ಹಿಂದಿನಿಂದಲೂ 'ಎ' ಮುದ್ರೆ ಒತ್ತುತ್ತದೆ. ಅದರಲ್ಲಿ ಮೂರು ಮೆಟ್ಟಿಲು: ನಾರ್ಮಲ್, ಹೆಚ್ಚುಕಮ್ಮಿ ನಾರ್ಮಲ್, ಇನ್ನೂ ಒಪ್ಪಬಹುದು. ನಮ್ಮಲ್ಲಿ ಜರ್ಮನಿಯಿಂದ ತರಿಸಿದ ಶೆಫರ್ಡ್‌ಗಳ ಪೆಡಿಗ್ರಿ ಕಾಗದದಲ್ಲಿ ಈ ಫಲಿತಾಂಶ ಅಚ್ಚಾಗಿಯೇ ಇರುತ್ತದೆ, ಅಜ್ಜ ಅಜ್ಜಿಯರದ್ದೂ ಸೇರಿ. 'ಎ ಸ್ಟಾಂಪ್' ಅಂತ ಕೇಳಿದ ತಕ್ಷಣ ನೂರಕ್ಕೆ ನೂರು ಅಂದುಕೊಳ್ಳಬೇಡಿ, ಮೂರನೇ ಮೆಟ್ಟಿಲಿನದೂ ಅದೇ ಎ.

ಇಂಗ್ಲೆಂಡಿನದು ಅಂಕಗಳ ಲೆಕ್ಕ. ಅಲ್ಲಿನ ಪಶುವೈದ್ಯರ ಸಂಘ ಬಿವಿಎ ಮತ್ತು ನಾಯಿ ತಳಿಗಳ ದಾಖಲೆ ಇಡುವ ಕೆನಲ್ ಕ್ಲಬ್ ಸೇರಿ ನಡೆಸುವ ಯೋಜನೆಯಲ್ಲಿ ಒಂದು ವರ್ಷ ತುಂಬಿದ ನಾಯಿಯ ಪ್ರತಿ ಕೀಲಿನ ಒಂಬತ್ತು ಭಾಗಗಳನ್ನು ನೋಡಿ ಅಂಕ ಹಾಕುತ್ತಾರೆ. ಒಂದು ಕೀಲಿಗೆ 0ಯಿಂದ 53, ಎರಡೂ ಸೇರಿ 106. ಇಲ್ಲಿ ಅಂಕ ಕಮ್ಮಿ ಬಂದಷ್ಟೂ ಒಳ್ಳೆಯದು. ಈ ಪದ್ಧತಿ ನನಗೆ ಇಷ್ಟವಾಗಲು ಕಾರಣ, ಎಡ ಬಲ ಬೇರೆಬೇರೆ ಗೊತ್ತಾಗುತ್ತದೆ. 4 ಮತ್ತು 4 ಸೇರಿ 8 ಆದ ನಾಯಿಗೂ, 0 ಮತ್ತು 8 ಸೇರಿ 8 ಆದ ನಾಯಿಗೂ ವ್ಯತ್ಯಾಸ ಇದೆ ಅಲ್ವಾ?

ಇವೆಲ್ಲವುಗಳ ಬುಡದಲ್ಲಿ ಒಂದೇ ಭಂಗಿ ಇದೆ: ಅಂಗಾತ ಮಲಗಿಸಿ ಕಾಲು ಎಳೆಯುವುದು. ಜಗಳ ಶುರುವಾಗುವುದು ಇಲ್ಲಿಂದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ 1983ರಿಂದ ಕೇಳುತ್ತಾ ಬಂದ ಪ್ರಶ್ನೆ ಸರಳ. ಕಾಲನ್ನು ಹಾಗೆ ಎಳೆದು ತಿರುಗಿಸಿದಾಗ, ಒದ್ದೆ ಬಟ್ಟೆ ಹಿಂಡಿದಂತೆ ಕೀಲಿನ ಸುತ್ತಲಿನ ಪೊರೆ ಬಿಗಿಯಾಗುತ್ತದೆ. ಗುಂಡು ತಾನಾಗಿ ಗುಳಿಯೊಳಕ್ಕೆ ಹೋಗುತ್ತದೆ. ಸಡಿಲವೇ ಈ ಕಾಯಿಲೆಯ ಮೂಲ ಅಂದಮೇಲೆ, ಸಡಿಲವನ್ನು ಮುಚ್ಚುವ ಭಂಗಿಯಲ್ಲಿ ಚಿತ್ರ ತೆಗೆದರೆ ಏನು ಬಂತು? ಅವರ ಪದ್ಧತಿಗೆ ಪೆನ್‌ಹಿಪ್ ಎಂದು ಹೆಸರು. ನಾಯಿಗೆ ಚೆನ್ನಾಗಿ ಮಂಪರು ಬರಿಸಿ, ಕಾಲುಗಳ ನಡುವೆ ಒಂದು ಸಾಧನ ಇಟ್ಟು, ಗುಂಡನ್ನು ಮೆಲ್ಲಗೆ ಹೊರಕ್ಕೆ ದೂಡಿ ಎಷ್ಟು ದೂರ ಬರುತ್ತದೆ ಅಂತ ಅಳೆಯುತ್ತಾರೆ. 0 ಅಂದರೆ ಅಲುಗುವುದೇ ಇಲ್ಲ, 1 ಅಂದರೆ ಪೂರ್ತಿ ಹೊರಗೆ. 0.30ಕ್ಕಿಂತ ಕಮ್ಮಿ ಇದ್ದರೆ ಮುಂದೆ ಸಂಧಿವಾತದ ಭಯ ತೀರಾ ಕಡಿಮೆ. 16 ವಾರದ ಮರಿಗೂ ಇದನ್ನು ಮಾಡಬಹುದು. ಪಾಸು ಫೇಲು ಇಲ್ಲ, ಆ ತಳಿಯಲ್ಲಿ ಈ ನಾಯಿ ಎಷ್ಟನೇ ಸ್ಥಾನದಲ್ಲಿದೆ ಅಂತ ಹೇಳುತ್ತಾರೆ ಅಷ್ಟೇ.

2010ರಲ್ಲಿ ಎರಡೂ ಪದ್ಧತಿಗಳನ್ನು 439 ನಾಯಿಗಳ ಮೇಲೆ ಹೋಲಿಸಿದ ಅಧ್ಯಯನ ಹೊರಬಂತು. ಓಎಫ್‌ಎ ಪ್ರಕಾರ ಎಕ್ಸಲೆಂಟ್ ಆಗಿದ್ದ ನಾಯಿಗಳಲ್ಲೇ ಶೇ. 52ರಷ್ಟು ಪೆನ್‌ಹಿಪ್‌ನ 0.30 ಗೆರೆ ದಾಟಿದ್ದವು. ಗುಡ್ ಆಗಿದ್ದವುಗಳಲ್ಲಿ ಶೇ. 82, ಫೇರ್ ಆಗಿದ್ದವುಗಳಲ್ಲಿ ಶೇ. 94. ಅಂಕಿಗಳು ಎದೆ ಧಸಕ್ಕೆನ್ನಿಸುತ್ತವೆ. ಆದರೆ ಒಂದು ಮಾತು ಹೇಳಲೇಬೇಕು. ಅಧ್ಯಯನ ಮಾಡಿದ ತಂಡದಲ್ಲಿ ಸ್ಮಿತ್ ಅವರೇ ಇದ್ದರು. ಗೆರೆ ಎಳೆದವರೂ ಅವರೇ, ಯಾರು ದಾಟಿದರು ಅಂತ ನೋಡಿದವರೂ ಅವರೇ. ಗೆರೆ ದಾಟಿದ ನಾಯಿಗಳೆಲ್ಲ ನಾಳೆ ಕುಂಟುತ್ತವೆ ಅಂತಲೂ ಅಲ್ಲ. ಅಪಾಯ ಸೊನ್ನೆಯ ಹತ್ತಿರ ಇಲ್ಲ ಅನ್ನುವುದಷ್ಟೇ ಅದರ ಅರ್ಥ. ಆದರೂ ಕಾಲು ಎಳೆದ ಭಂಗಿ ಸಡಿಲವನ್ನು ಮುಚ್ಚುತ್ತದೆ ಎಂಬ ಮೂಲ ತಕರಾರಿಗೆ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಈ ಎರಡರ ನಡುವೆ ಇನ್ನೊಂದು ವ್ಯತ್ಯಾಸ ಇದೆ. ಅದು ತಂತ್ರದ ವಿಷಯವಲ್ಲ, ನಿಯಮದ ವಿಷಯ. ಪೆನ್‌ಹಿಪ್ ತರಬೇತಿ ಪಡೆದ ಡಾಕ್ಟರು ತೆಗೆದ ಚಿತ್ರಗಳನ್ನೆಲ್ಲ ಕಳಿಸಲೇಬೇಕು. ಚೆನ್ನಾಗಿಲ್ಲ ಅಂತ ಮುಚ್ಚಿಡುವಂತಿಲ್ಲ. ಓಎಫ್‌ಎಗೆ ಕಳಿಸುವುದು ಬಿಡುವುದು ಮಾಲೀಕರ ಇಷ್ಟ. ಚಿತ್ರ ತೆಗೆದ ಡಾಕ್ಟರಿಗೆ ಅಲ್ಲೇ ಗೊತ್ತಾಗಿಬಿಡುತ್ತದಲ್ಲ, "ಇದು ಪಾಸಾಗಲ್ಲ, ಸುಮ್ನೆ ಯಾಕೆ ದುಡ್ಡು ದಂಡ" ಅಂತಾರೆ. ಚಿತ್ರ ಅಲ್ಲೇ ಉಳಿಯುತ್ತದೆ. ಕಳಿಸಿ ಫೇಲಾದರೂ, ಪ್ರಕಟಿಸಿ ಅಂತ ಮಾಲೀಕರು ಅರ್ಜಿಯಲ್ಲಿ ಒಪ್ಪಿಗೆ ಕೊಡದಿದ್ದರೆ ಆ ಫಲಿತಾಂಶ ಹೊರಗೆ ಬರುವುದಿಲ್ಲ. ಪಾಸಾದದ್ದು ಮಾತ್ರ ತಾನಾಗಿ ಪ್ರಕಟವಾಗುತ್ತದೆ.

ಒಂದು ಕಾಲಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ ಪೇಪರಿನಲ್ಲಿ ಬರುತ್ತಿದ್ದದ್ದು ನೆನಪಿದೆಯೇ? ಪುಟಗಟ್ಟಲೆ ರಿಜಿಸ್ಟರ್ ನಂಬರು, ಎಲ್ಲವೂ ಪಾಸಾದವರದ್ದು. ಆ ಪುಟಗಳನ್ನು ಮಾತ್ರ ನೋಡಿದ ಹೊರಗಿನವನಿಗೆ ಈ ರಾಜ್ಯದಲ್ಲಿ ಫೇಲಾಗುವವರೇ ಇಲ್ಲ ಅನ್ನಿಸಬೇಕು. ಆದರೆ ಆ ಪುಟದಲ್ಲಿ ನಿಮ್ಮ ನಂಬರಿನ ಹಿಂದಿನದೂ ಮುಂದಿನದೂ ಇದ್ದು ನಿಮ್ಮದು ಇಲ್ಲದಿದ್ದರೆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ನಾಯಿಗಳ ಪಟ್ಟಿಯನ್ನೂ ಹಾಗೇ ಓದಬೇಕು, ಇಲ್ಲದ ನಂಬರುಗಳನ್ನು ಹುಡುಕಿ.

ಇಲ್ಲದ ನಂಬರು ಎಷ್ಟಿರಬಹುದು? 2005ರಲ್ಲಿ ಗೋಲ್ಡನ್ ರಿಟ್ರೀವರ್ ಮತ್ತು ರಾಟ್‌ವೀಲರ್ ತಳಿಗಳ ಮೇಲೆ ಒಂದು ಅಧ್ಯಯನ ಬಂತು. ಓಎಫ್‌ಎ ಪಟ್ಟಿಯ ಪ್ರಕಾರ ಈ ತಳಿಗಳಲ್ಲಿ ಐದರಲ್ಲಿ ಒಂದು ನಾಯಿಗೆ ತೊಂದರೆ. ಒಳ್ಳೆಯದು ಕೆಟ್ಟದ್ದು ಅಂತ ಆರಿಸದೆ ಎಲ್ಲ ಚಿತ್ರಗಳನ್ನೂ ನೋಡಿದಾಗ ಗೋಲ್ಡನ್‌ಗಳಲ್ಲಿ ಅದು ಶೇ. 53ರಿಂದ 73, ರಾಟ್‌ವೀಲರ್‌ಗಳಲ್ಲಿ ಶೇ. 41ರಿಂದ 69. ಓದಿದವರು ಯಾರು, ಎಷ್ಟು ಬಿಗಿಯಾಗಿ ಗ್ರೇಡ್ ಕೊಟ್ಟರು ಎಂಬುದರ ಮೇಲೆ ಅಂಕಿ ಬದಲಾಗಿದೆ. ನೋಡಲು ಚೆನ್ನಾಗಿರುವ ಚಿತ್ರ ಓಎಫ್‌ಎಗೆ ಹೋಗುವ ಸಾಧ್ಯತೆ, ಕೆಟ್ಟ ಚಿತ್ರಕ್ಕಿಂತ 8.2 ಪಟ್ಟು ಜಾಸ್ತಿ ಇತ್ತು. ಇದೂ ಪೆನ್ಸಿಲ್ವೇನಿಯಾದ ಗುಂಪಿನದೇ ಕೆಲಸ, ಅಂದರೆ ಎದುರು ಪಾರ್ಟಿಯದ್ದು. ಅಷ್ಟು ರಿಯಾಯಿತಿ ಕೊಟ್ಟು ಓದಿದರೂ ಎಂಟು ಪಟ್ಟು ಸಣ್ಣ ವ್ಯತ್ಯಾಸ ಅಲ್ಲ.

ಹಾಗಂತ ಈ ಪಟ್ಟಿಗಳು ನಿಷ್ಪ್ರಯೋಜಕ ಅನ್ನುವವರ ಜೊತೆ ನಾನಿಲ್ಲ. ಓಎಫ್‌ಎಯ ದಶಕಗಳ ದಾಖಲೆ ಇಟ್ಟುಕೊಂಡು 60 ತಳಿಗಳನ್ನು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸೊಂಟ, ಮೊಣಕೈ ಎರಡರಲ್ಲೂ ತೊಂದರೆ ನಿಧಾನಕ್ಕೆ ಇಳಿದಿದೆ ಎಂದು ಅದು ತೋರಿಸಿತು. ನಿಧಾನಕ್ಕೆ ಎಂಬ ಮಾತಿಗೆ ಕಾರಣ ಇದೆ. ಇದು ಒಂದು ಜೀನ್‌ನ ಕೆಲಸ ಅಲ್ಲ, ಹತ್ತಾರು ಜೀನ್‌ಗಳು ಸೇರಿ ಆಗುವುದು. ಎಕ್ಸಲೆಂಟ್ ಅಪ್ಪ, ಎಕ್ಸಲೆಂಟ್ ಅಮ್ಮನ ಸೂಲಿನಲ್ಲೂ ಸೊಂಟ ಕೆಟ್ಟ ಮರಿ ಹುಟ್ಟುತ್ತದೆ. ಎಕ್ಸ್‌ರೇ ತೋರಿಸುವುದು ಈ ನಾಯಿಯ ಮೂಳೆಯನ್ನು, ಅದು ಮರಿಗೆ ದಾಟಿಸುವುದನ್ನಲ್ಲ.

ಸಂಬಂಧ ನೋಡುವಾಗ ನಮ್ಮ ಹಿರಿಯರು ಏನು ಹೇಳುತ್ತಿದ್ದರು? ಹುಡುಗನನ್ನೊಬ್ಬನನ್ನೇ ನೋಡಬೇಡಿ, ಮನೆತನ ವಿಚಾರಿಸಿ ಅಂತ. ಮನುಷ್ಯರ ವಿಷಯದಲ್ಲಿ ಆ ಮಾತು ಎಷ್ಟು ಸರಿಯೋ ಬಿಡಿ, ನಾಯಿಯ ಸೊಂಟದ ವಿಷಯದಲ್ಲಿ ಮಾತ್ರ ನೂರಕ್ಕೆ ನೂರು ಸರಿ. ಫೇರ್ ಬಂದ ಗಂಡು ನಾಯಿ, ಅದರ ಒಡಹುಟ್ಟಿದ ಏಳು ನಾಯಿಗಳನ್ನೂ ಪರೀಕ್ಷೆ ಮಾಡಿಸಿ ಏಳೂ ಪಾಸಾಗಿವೆ ಅಂತಿಟ್ಟುಕೊಳ್ಳಿ. ಇನ್ನೊಂದು ಕಡೆ ಎಕ್ಸಲೆಂಟ್ ಬಂದ ಗಂಡು, ಒಡಹುಟ್ಟಿದವುಗಳ ಸುದ್ದಿಯೇ ಇಲ್ಲ. ನಾನಾದರೆ ಮೊದಲನೆಯದರ ಮರಿ ತರುತ್ತೇನೆ. ಇದೇ ಯೋಚನೆಯನ್ನು ಲೆಕ್ಕಕ್ಕೆ ಇಳಿಸಿ ಇಂಗ್ಲೆಂಡಿನ ಕೆನಲ್ ಕ್ಲಬ್ 2014ರಿಂದ ಕೆಲವು ತಳಿಗಳ ನಾಯಿಗಳಿಗೆ ಅಂದಾಜು ತಳಿಮೌಲ್ಯ, ಅಂದರೆ ಮರಿಗಳಿಗೆ ಏನು ದಾಟಿಸಬಹುದು ಎಂಬ ಲೆಕ್ಕ, ಕೊಡುತ್ತಿದೆ. ನಾಯಿಯ ಸ್ವಂತ ಅಂಕದ ಜೊತೆ ಅಪ್ಪ ಅಮ್ಮ, ಅಣ್ಣ ತಂಗಿ, ಮರಿಗಳ ಅಂಕವೂ ಅದರಲ್ಲಿ ಸೇರುತ್ತದೆ. ಎಕ್ಸ್‌ರೇಯೇ ಆಗದ ನಾಯಿಗೂ ನೆಂಟರ ಆಧಾರದ ಮೇಲೆ ಒಂದು ಅಂದಾಜು ಸಿಗುತ್ತದೆ. ಇದು ಸರಿಯಾಗಿ ಕೆಲಸ ಮಾಡಬೇಕಾದರೆ ಕೆಟ್ಟ ಅಂಕಗಳೂ ಪುಸ್ತಕಕ್ಕೆ ಬರಬೇಕು. ಸ್ವೀಡನ್ನಿನ ಕೆನಲ್ ಕ್ಲಬ್ಬಿನಲ್ಲಿ ಪಾಸು ಫೇಲು ಎರಡೂ ಯಾರು ಬೇಕಾದರೂ ನೋಡುವ ಹಾಗೆ ತೆರೆದಿವೆ.

ಮೊಣಕೈ ಬಗ್ಗೆ ಜನ ಕೇಳುವುದೇ ಕಮ್ಮಿ. ನಾಯಿಯ ಮೈಭಾರದ ಹೆಚ್ಚುಪಾಲು, ಸುಮಾರು ಶೇ. 60, ಬೀಳುವುದು ಮುಂಗಾಲಿನ ಮೇಲೆ. ಅದರ ಮೊಣಕೈಯಲ್ಲಿ ಮೂರು ಮೂಳೆಗಳು ಸೇರುತ್ತವೆ. ಕೆಳಗಿನ ಎರಡು ಮೂಳೆ ಒಂದೇ ವೇಗದಲ್ಲಿ ಬೆಳೆಯದೆ ಸಣ್ಣ ಮೆಟ್ಟಿಲಾದರೂ ತೊಂದರೆ: ಒಂದು ಚೂರು ಮುರಿಯಬಹುದು, ಕೂಡಬೇಕಾದ ತುಣುಕು ಕೂಡದೇ ಉಳಿಯಬಹುದು, ಮೆದುಮೂಳೆ ಸುಲಿದು ಬರಬಹುದು. ಎಲ್ಲಕ್ಕೂ ಸೇರಿ ಎಲ್ಬೋ ಡಿಸ್‌ಪ್ಲೇಸಿಯಾ ಅಂತ ಒಂದೇ ಹೆಸರು. ಮೊಣಕೈ ಮಡಚಿ ಪಕ್ಕದಿಂದ ಎಕ್ಸ್‌ರೇ ತೆಗೆಯುತ್ತಾರೆ. 1989ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಶುರುವಾದ ಅಂತರರಾಷ್ಟ್ರೀಯ ತಜ್ಞರ ಗುಂಪು ಗ್ರೇಡ್ ಹಾಕಿಕೊಟ್ಟಿದೆ. ಹೊಸದಾಗಿ ಬೆಳೆದ ಮೂಳೆಯ ಮುಳ್ಳು 2 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ 1, 2ರಿಂದ 5 ಇದ್ದರೆ 2, 5ಕ್ಕಿಂತ ಜಾಸ್ತಿ ಇದ್ದರೆ 3. ಏನೂ ಇಲ್ಲದಿದ್ದರೆ 0. ಎಕ್ಸಲೆಂಟ್, ಗುಡ್ ಎಂಬ ಶ್ರೇಣಿ ಇಲ್ಲಿಲ್ಲ. ಒಂದು ಕೈ 0, ಇನ್ನೊಂದು 2 ಬಂದರೆ ಇಂಗ್ಲೆಂಡಿನಲ್ಲಿ ಆ ನಾಯಿಯ ಗ್ರೇಡ್ 2. ಸಣ್ಣ ಚೂರು ಮುರಿದದ್ದು ಎಕ್ಸ್‌ರೇಗೆ ಸಿಗದೆ ಸಿಟಿ ಸ್ಕ್ಯಾನ್‌ನಲ್ಲಿ ಮಾತ್ರ ಕಾಣುವುದೂ ಉಂಟು. ಹಾಗಾಗಿ ಕುಂಟುವ ನಾಯಿಯ ಎಕ್ಸ್‌ರೇ ನೋಡಿ 0 ಬಂತು ಅಂತ ನೆಮ್ಮದಿಯಾಗಿ ಕೂರುವಂತಿಲ್ಲ.

ಇನ್ನು ನಮ್ಮೂರಿನ ಕಥೆ. ನಾಯಿ ತಳಿ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಬ್ರೀಡರ್‌ಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣು ನಾಯಿಗೆ 18 ತಿಂಗಳಾಗದೆ ಮೇಟಿಂಗ್ ಮಾಡಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಒಳ್ಳೆಯ ನಿಯಮಗಳೇ. ಆದರೆ 18 ತಿಂಗಳಿಗೆ ಮೇಟಿಂಗ್ ಮಾಡಿಸಿದ ನಾಯಿಗೆ ಓಎಫ್‌ಎಯ ಕೊನೆಯ ಗ್ರೇಡ್ ಸಿಗಲು ಇನ್ನೂ ಆರು ತಿಂಗಳು ಬಾಕಿ. ಅಷ್ಟರಲ್ಲಿ ಅದರ ಮರಿಗಳು ಎಂಟು ಮನೆ ಸೇರಿರುತ್ತವೆ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್ ಸೇರಿ ಹಲವು ತಳಿಗಳನ್ನು ಅಪಾಯಕಾರಿ ಅಂತ ಸುತ್ತೋಲೆ ಹೊರಡಿಸಿದಾಗ ಊರೆಲ್ಲ ಅದೇ ಮಾತಾಗಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ರಾಟ್‌ವೀಲರ್ ಹಲ್ಲಿನ ಬಗ್ಗೆ ಅಷ್ಟೊಂದು ಮಾತಾಡಿದೆವು. ಅದರ ಮೊಣಕೈ ಬಗ್ಗೆ ಯಾರಾದರೂ ಮಾತಾಡಿದ್ದು ನಾನು ಕೇಳಲಿಲ್ಲ.

ನಮ್ಮ ಮುಧೋಳ ನಾಯಿಗೂ ಈ ಎಕ್ಸ್‌ರೇ ಗೋಳು ಬೇಕಾ ಅಂತ ಒಬ್ಬ ಸ್ನೇಹಿತರು ಕೇಳಿದರು. ತೆಳು ಮೈಯ, ಓಡಲೆಂದೇ ಬೆಳೆಸಿದ ಬೇಟೆನಾಯಿಗಳಲ್ಲಿ ಈ ತೊಂದರೆ ಕಮ್ಮಿ. ಅದೇ ಬಗೆಯ ಗ್ರೇಹೌಂಡ್ ಓಎಫ್‌ಎ ಪಟ್ಟಿಯಲ್ಲಿ ಯಾವತ್ತೂ ಒಳ್ಳೆಯ ತುದಿಯಲ್ಲೇ ಇದೆ, ಬುಲ್‌ಡಾಗ್ ಮತ್ತು ಪಗ್ ಕೆಟ್ಟ ತುದಿಯಲ್ಲಿ. ಮೊಲದ ಹಿಂದೆ ಓಡಲಾಗದ ನಾಯಿಯನ್ನು ಬಾಗಲಕೋಟೆ ಕಡೆಯ ಬೇಟೆಗಾರ ತಳಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ಅವನ ಹೊಲವೇ ಅವನ ಎಕ್ಸ್‌ರೇ ಟೇಬಲ್. ಈಗ ಮುಧೋಳ ನಾಯಿ ಫ್ಲ್ಯಾಟಿನ ಸೋಫಾಕ್ಕೆ ಬರುತ್ತಿದೆ. ಓಟದ ಪರೀಕ್ಷೆ ಇಲ್ಲದೆ, ಬರೀ ಚೆಂದ ನೋಡಿ ಮೂರು ನಾಲ್ಕು ತಲೆಮಾರು ಬೆಳೆಸಿದರೆ ಏನಾಗುತ್ತದೆ ಅಂತ ನೋಡಬೇಕು. ಬೇರೆ ತಳಿಗಳಲ್ಲಿ ಏನಾಯಿತು ಅಂತ ನಮಗೆ ಗೊತ್ತೇ ಇದೆ.

ತಂದ ಮರಿಯ ಸೊಂಟ ಎಷ್ಟು ಕೆಡುತ್ತದೆ ಎಂಬುದು ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲೂ ಇದೆ. 48 ಲ್ಯಾಬ್ರಡಾರ್‌ಗಳನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಿದ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ಒಂದೇ ಸೂಲಿನ ಜೋಡಿಗಳಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25 ಕಡಿಮೆ ಊಟ. ಕಡಿಮೆ ತಿಂದವುಗಳ ಸೊಂಟ ಎಷ್ಟೋ ಚೆನ್ನಾಗಿತ್ತು, ಸುಮಾರು 1.8 ವರ್ಷ ಜಾಸ್ತಿ ಬದುಕಿದವು ಕೂಡ. ನಾರ್ವೆಯಲ್ಲಿ ನಾಲ್ಕು ದೊಡ್ಡ ತಳಿಗಳ ಮರಿಗಳನ್ನು ನೋಡಿದಾಗ, ಹುಟ್ಟಿದ ಮೊದಲ ಮೂರು ತಿಂಗಳು ದಿನಾ ಮೆಟ್ಟಿಲು ಹತ್ತಿಳಿದವುಗಳಿಗೆ ಅಪಾಯ ಜಾಸ್ತಿ, ಮೆತ್ತನೆ ನೆಲದ ಮೇಲೆ ಬಿಟ್ಟು ಬೆಳೆಸಿದವುಗಳಿಗೆ ಕಮ್ಮಿ ಎಂದು ಕಂಡಿತು. ನಾವು ಮಾಡುವುದು ಇದರ ಉಲ್ಟಾ. ನುಣ್ಣನೆ ಟೈಲ್ಸ್ ಮೇಲೆ ಮರಿ ಜಾರುತ್ತಾ ಬೆಳೆಯುತ್ತದೆ, ಮೂರನೇ ಮಹಡಿಯಿಂದ ದಿನಕ್ಕೆ ನಾಲ್ಕು ಸಲ ಇಳಿಯುತ್ತದೆ, "ಪಾಪ, ಇನ್ನೊಂಚೂರು ಹಾಕು" ಅಂತ ಅಜ್ಜಿ ಮೊಸರನ್ನ ಹಾಕುತ್ತಾರೆ. ಮೂಳೆ ಗಟ್ಟಿಯಾಗಲಿ ಅಂತ ಮೆಡಿಕಲ್ ಶಾಪಿನ ಕ್ಯಾಲ್ಸಿಯಂ ಸಿರಪ್ ಬೇರೆ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಅತಿಯಾದರೆ ಮೂಳೆ ಬೆಳೆಯುವ ಕ್ರಮವೇ ಕೆಡುತ್ತದೆ.

ಆ ಬ್ರೀಡರ್‌ಗೆ ಎರಡು ವಾರ ಬಿಟ್ಟು ಫೋನ್ ಮಾಡಿದೆ. ಸರ್ಟಿಫಿಕೇಟ್ ಕೇಳಲಿಲ್ಲ. ಇದೇ ಅಪ್ಪ ಅಮ್ಮನ ಹಿಂದಿನ ಸೂಲಿನ ಮರಿಗಳು ಈಗ ಎಲ್ಲಿವೆ, ಯಾವುದಾದರೂ ಕುಂಟುತ್ತಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಒಂಬತ್ತು ಮರಿ ಮೇಡಂ. ಮೂರು ಮನೆಯವರು ಟಚ್‌ನಲ್ಲಿದ್ದಾರೆ. ಮಿಕ್ಕಿದ್ದು ಗೊತ್ತಿಲ್ಲ."

ಆ ಮೂರು ಮನೆಯವರ ನಂಬರ್ ಕೊಡ್ತೀರಾ ಎಂದೆ. ಅವರನ್ನು ಕೇಳಿ ಕೊಡುತ್ತೇನೆ ಎಂದರು, ಎರಡು ದಿನಕ್ಕೆ ಕೊಟ್ಟರು. ಈಗ ಒಂದೊಂದಾಗಿ ಫೋನ್ ಮಾಡುತ್ತಿದ್ದೇನೆ.